ಆರ್‌ಎಕ್ಸ್ 100 ಎಳೀತಿಲ್ವಾ? ಬೋರ್ ಮಾಡಿಸೋಕೆ ಮೊದಲು ಇಷ್ಟು ನೋಡಿ

ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 100 ಕೊಂಡವರ ಮೊದಲ ದೂರು ಸಾಮಾನ್ಯವಾಗಿ ಒಂದೇ: ‘ಗಾಡಿ ಎಳೀತಿಲ್ಲ.’ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತೆ, ಸೌಂಡೂ ಚೆನ್ನಾಗಿದೆ. ಆದರೆ ಫ್ಲೈಓವರ್ ಹತ್ತುವಾಗ ಏದುಸಿರು ಬಿಡುತ್ತೆ. ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: ‘ಬೋರ್ ಹೋಗಿದೆ ಸಾರ್, ಇಂಜಿನ್ ಕೆಲಸ ಮಾಡಿಸ್ಬೇಕು.’

ಕೆಲವೊಮ್ಮೆ ಅದು ನಿಜವೇ. ಆದರೆ ಅದನ್ನು ಒಪ್ಪುವ ಮುಂಚೆ ಒಂದು ಲೆಕ್ಕ ನೆನಪಿರಲಿ. ಈ ಗಾಡಿಯ ಬೋರ್ 50 ಮಿ.ಮೀ. ಒಂದೊಂದು ಸಲ ಬೋರ್ ಮಾಡಿಸಿದಾಗಲೂ 0.25 ಮಿ.ಮೀ. ದೊಡ್ಡ ಪಿಸ್ಟನ್ ಹಾಕುತ್ತಾರೆ. ಸಾಮಾನ್ಯವಾಗಿ 1 ಮಿ.ಮೀ. ತನಕ ಹೋಗಬಹುದು. ಅಂದರೆ ಒಂದು ಬ್ಲಾಕಿಗೆ ನಾಲ್ಕು ಅವಕಾಶ. ಆರ್‌ಎಕ್ಸ್ 100 ತಯಾರಾದದ್ದು 1985ರಿಂದ 1996ರವರೆಗೆ. ಅಷ್ಟು ಹಳೆಯ ಗಾಡಿಯಲ್ಲಿ ಎರಡು ಮೂರು ಅವಕಾಶ ಆಗಲೇ ಮುಗಿದಿರಬಹುದು. ಕಾರಣವಿಲ್ಲದೆ ಬೋರ್ ಮಾಡಿಸಿದರೆ ಹೋಗುವುದು ದುಡ್ಡು ಮಾತ್ರ ಅಲ್ಲ, ಬ್ಲಾಕಿನ ಆಯಸ್ಸು.

ಆದ್ದರಿಂದ ಖರ್ಚಿಲ್ಲದ ಪರೀಕ್ಷೆ ಮೊದಲು, ಇಂಜಿನ್ ಬಿಚ್ಚುವುದು ಕೊನೆಗೆ. ಕೋಡ್‌ನಲ್ಲಿ ಬಗ್ ಹುಡುಕುವಾಗಿನ ನಿಯಮವೇ ಇಲ್ಲೂ: ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಜೆಟ್, ಫಿಲ್ಟರ್ ಎಲ್ಲ ಒಟ್ಟಿಗೇ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾವತ್ತೂ ಗೊತ್ತಾಗಲ್ಲ.

ಇಂಜಿನ್ನಿನದೇ ತಪ್ಪಾ?

ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ತಿರುಗಿಸಿ. ಸಲೀಸಾಗಿ ತಿರುಗದಿದ್ದರೆ ಬ್ರೇಕ್ ಹಿಡಿಯುತ್ತಿದೆ, ಇಲ್ಲವೇ ಚೈನ್ ತುಂಬಾ ಬಿಗಿಯಾಗಿದೆ. ಆಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಕೊಡಿ. ಇಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಏರ್ ಫಿಲ್ಟರ್ ಪೈಪ್ ಬಿಚ್ಚಿ, ಇಂಜಿನ್ ಆಫ್ ಇರುವಾಗ ಆಕ್ಸಿಲರೇಟರ್ ತಿರುವಿ ಕಾರ್ಬ್ಯುರೇಟರ್ ಒಳಗೆ ಇಣುಕಿ. ಸ್ಲೈಡ್ ಪೂರ್ತಿ ಮೇಲೆ ಹೋಗದಿದ್ದರೆ ಕೇಬಲ್ ಸರಿ ಮಾಡಿಸಿ. ಇಲ್ಲಿಗೇ ಕೆಲಸ ಮುಗಿಯಲೂಬಹುದು.

ಪೆಟ್ರೋಲ್ ಮತ್ತು ಗಾಳಿ

ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಸೊರಗುತ್ತಾ? ಹಾಗಾದಾಗ ಟ್ಯಾಂಕ್ ಮುಚ್ಚಳ ತೆಗೆಯಿರಿ. ‘ಉಸ್’ ಅಂತ ಗಾಳಿ ಒಳಗೆ ಹೋಗಿ ಗಾಡಿ ಮತ್ತೆ ಚುರುಕಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದರ್ಥ.

ಮುಂದೆ, ಕಾರ್ಬ್ಯುರೇಟರ್‌ಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಹಿಡಿಯಿರಿ. ಪೆಟ್ರೋಲ್ ಧಾರೆಯಾಗಿ ಬರಬೇಕು. ತೊಟ್ಟಿಕ್ಕಿದರೆ ಕಾಕ್‌ನ ಜಾಲರಿಯಲ್ಲಿ ತುಕ್ಕು ಸೇರಿದೆ. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯಾದರೆ ಮೇನ್ ಜೆಟ್‌ನಲ್ಲಿ ಅಂಟು ಕಟ್ಟಿರುತ್ತೆ. ಅದನ್ನು ಕ್ಲೀನರ್ ಮತ್ತು ಗಾಳಿಯಿಂದ ತೆಗೆಯಬೇಕೇ ಹೊರತು ತಂತಿ ಹಾಕಿ ಚುಚ್ಚಬಾರದು. ಜೆಟ್‌ನ ತೂತು ಚೂರು ದೊಡ್ಡದಾದರೂ ಮಿಶ್ರಣ ಬದಲಾಗುತ್ತೆ.

ಈಗಿನ 20% ಎಥನಾಲ್ ಬೆರೆತ ಪೆಟ್ರೋಲ್ ಈ ಗಾಡಿ ತಯಾರಾದ ಕಾಲದ್ದಲ್ಲ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ, ಹಳೆಯ ರಬ್ಬರನ್ನು ಕೆಡಿಸಬಲ್ಲದು. ಗಟ್ಟಿಯಾದ, ಬಿರುಕು ಬಿಟ್ಟ ಪೈಪ್‌ಗಳನ್ನು ಮೊದಲು ಬದಲಿಸಿ.

ಇನ್ನೊಂದು ಮಾತು. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಕರಾವಳಿಯಲ್ಲಿ ಟ್ಯೂನ್ ಮಾಡಿದ ಗಾಡಿ ಅಲ್ಲಿಗೆ ಹತ್ತುವಾಗ ಮಂಕಾಗುವುದು ಸಹಜ. ಮೇಲೆ ಹೋದಷ್ಟೂ ಗಾಳಿ ತೆಳು, ಅದಕ್ಕೆ ಪೆಟ್ರೋಲ್ ಹೆಚ್ಚಾಗುತ್ತೆ. ಅದು ರಿಪೇರಿ ಮಾಡಿಸುವ ದೋಷವಲ್ಲ.

ಪ್ಲಗ್ ನೋಡಿ

ಸ್ವಲ್ಪ ದೂರ ಜೋರಾಗಿ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಗಾಡಿ ಬದಿಗೆ ನಿಲ್ಲಿಸಿ ಪ್ಲಗ್ ತೆಗೆಯಿರಿ. ಕಂದು ಬಣ್ಣ ಇದ್ದರೆ ಮಿಶ್ರಣ ಸರಿಯಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚು, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ. ಏಕೆ ಅಂತ ಮುಂದೆ ಹೇಳ್ತೀನಿ. ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದ ಮೇಲೆ ಮಿಸ್ ಹೊಡೆದರೆ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಇರಲಿ.

ಸೈಲೆನ್ಸರ್‌ನ ಮಸಿ

ಟೂ ಸ್ಟ್ರೋಕ್ ಇಂಜಿನ್ ಪೆಟ್ರೋಲ್ ಜೊತೆ ಆಯಿಲನ್ನೂ ಸುಡುತ್ತೆ. ಆ ಮಸಿ ಬ್ಲಾಕಿನ ಎಕ್ಸಾಸ್ಟ್ ಪೋರ್ಟ್‌ನಲ್ಲಿ, ಸೈಲೆನ್ಸರ್ ಹಿಂದಿನ ಬ್ಯಾಫಲ್‌ನಲ್ಲಿ ಕೂರುತ್ತೆ. ಸುಟ್ಟ ಹೊಗೆ ಹೊರಗೆ ಹೋಗದಿದ್ದರೆ ಹೊಸ ಮಿಶ್ರಣ ಒಳಗೆ ಬರುವುದೂ ಕಷ್ಟ. ಲಕ್ಷಣ ಸ್ಪಷ್ಟ: ಕೆಳಗಿನ ಗೇರ್‌ಗಳಲ್ಲಿ ಪರವಾಗಿಲ್ಲ, ಆದರೆ ಒಂದು ವೇಗದಿಂದ ಮೇಲೆ ಏರೋದೇ ಇಲ್ಲ.

ಬ್ಯಾಫಲ್ ಬಿಚ್ಚಿ, ಮಸಿ ಕೆರೆದು, ತಿರುಗಿ ಹಾಕಿ. ‘ಸೌಂಡ್ ಚೆನ್ನಾಗಿರುತ್ತೆ’ ಅಂತ ತೆಗೆದೇ ಓಡಿಸಬೇಡಿ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಬರೀ ಸದ್ದು ಅಡಗಿಸಲ್ಲ. ಅದರೊಳಗಿನ ಒತ್ತಡದ ಅಲೆ ಹೊರಗೆ ಜಾರುವ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರ್‌ಗೆ ತಳ್ಳುತ್ತೆ. 98 ಸಿಸಿಯಿಂದ 11 ಅಶ್ವಶಕ್ತಿ ಬಂದದ್ದರಲ್ಲಿ ಅದರ ಪಾಲೂ ಇದೆ. ಬ್ಯಾಫಲ್ ಇಲ್ಲದಿದ್ದರೆ ಪೊಲೀಸರ ದಂಡವೂ ಗ್ಯಾರಂಟಿ ಅನ್ನಿ.

ಈಗ ಕಂಪ್ರೆಷನ್

ಇಷ್ಟಾದರೂ ಸರಿಹೋಗದಿದ್ದರೆ ಕಂಪ್ರೆಷನ್ ಗೇಜ್ ತರಿಸಿ. ಇಂಜಿನ್ ಬಿಸಿ ಇರಲಿ, ಇಗ್ನಿಷನ್ ಆಫ್ ಇರಲಿ. ಪ್ಲಗ್ ಜಾಗದಲ್ಲಿ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಮುಳ್ಳು ನಿಲ್ಲುವ ತನಕ ಕಿಕ್ ಹೊಡೆಯಿರಿ. ಒಂದು ಅಂದಾಜಿಗೆ, ಇಂಥ ಸಣ್ಣ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ 120 ಪಿಎಸ್‌ಐ ಆಸುಪಾಸು ಬಂದರೆ ಚಿಂತೆಯಿಲ್ಲ. 90ಕ್ಕಿಂತ ಕೆಳಗೆ ಬಂದರೆ ರಿಂಗ್, ಪಿಸ್ಟನ್ ನೋಡಲೇಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಮಂಗಳೂರಿಗಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತೆ.

ಕಡಿಮೆ ಬಂದರೂ ಸೀದಾ ಬೋರ್ ಅಂತ ಅಂದುಕೊಳ್ಳಬೇಡಿ. ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು, ರಿಂಗ್ ಮಾತ್ರ ಸವೆದಿರಬಹುದು. ಬ್ಲಾಕನ್ನು ಬೋರ್ ಗೇಜ್‌ನಲ್ಲಿ ಅಳೆಸಿ, ಅಳತೆ ಬರೆಸಿಕೊಳ್ಳಿ.

ಇದನ್ನು ಮಾತ್ರ ನಿರ್ಲಕ್ಷಿಸಬೇಡಿ

ಫೋರ್ ಸ್ಟ್ರೋಕ್ ಗಾಡಿ ಓಡಿಸಿ ರೂಢಿಯಾದವರಿಗೆ ಸುಲಭವಾಗಿ ಹೊಳೆಯದ ಸಂಗತಿ ಒಂದಿದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್, ಗಾಳಿ ಮೊದಲು ಹೋಗುವುದು ಸಿಲಿಂಡರ್‌ಗಲ್ಲ, ಕ್ರ್ಯಾಂಕ್ ಕೇಸ್‌ಗೆ. ಕ್ರ್ಯಾಂಕ್ ಕೇಸೇ ಇಲ್ಲಿ ಪಂಪ್. ಅದಕ್ಕೆ ಬಾಗಿಲು ರೀಡ್ ವಾಲ್ವ್. ಅದರ ಎಲೆ ಮುರಿದರೆ ಪಿಕಪ್ ಹೋಗುತ್ತೆ. ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲ್‌ಗಳು ಆ ಪಂಪನ್ನು ಗಾಳಿಯಾಡದಂತೆ ಮುಚ್ಚಿರಬೇಕು. ಮೂವತ್ತು ವರ್ಷದ ರಬ್ಬರ್ ಗಟ್ಟಿಯಾಗಿ ಬಿಟ್ಟುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಸುಡುತ್ತೆ: ಹೊಗೆ ದಟ್ಟ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತೆ. ಮ್ಯಾಗ್ನೆಟ್ ಕಡೆಯದು ಹೋದರೆ ಬರುವುದು ಬರೀ ಗಾಳಿ. ಪ್ಲಗ್ ಬೆಳ್ಳಗಾಗುತ್ತೆ, ಆಕ್ಸಿಲರೇಟರ್ ಬಿಟ್ಟರೂ ರೈಸ್ ತಕ್ಷಣ ಇಳಿಯಲ್ಲ. ಚೋಕ್ ಸ್ವಲ್ಪ ಎಳೆದಾಗ ಎಳೆತ ಜಾಸ್ತಿಯಾದರೆ ಅದೂ ಒಂದು ಸುಳಿವು: ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಗಾಳಿ ಸೋರುತ್ತಿದೆ.

ಹೀಗೆ ಓಡಿಸುತ್ತಾ ಹೋದರೆ ಪಿಸ್ಟನ್ ಅತಿಯಾಗಿ ಬಿಸಿಯಾಗಿ ಸೀಜ್ ಆಗುತ್ತೆ. ಹೈವೇಯಲ್ಲಿ ಹಾಗಾದರೆ ಹಿಂದಿನ ಚಕ್ರ ಅಲ್ಲೇ ಲಾಕ್. ಆಯಿಲ್ ಪಂಪ್ ಕೆಟ್ಟರೂ ಇದೇ ಗತಿ. ಹಾಗಾಗಿ ಇಂಜಿನ್ ಬಿಗಿಹಿಡಿದಂತೆ ಅನ್ನಿಸಿದ ಕ್ಷಣ ಕ್ಲಚ್ ಹಿಡಿಯಬೇಕು. ಟೂ ಸ್ಟ್ರೋಕ್ ಓಡಿಸುವವರು ಎರಡು ಬೆರಳು ಕ್ಲಚ್ ಮೇಲಿಡುವುದು ಅದಕ್ಕೇ. ಸೀಲ್ ಸೋರುತ್ತಿದೆಯೇ ಅಂತ ತಿಳಿಯಲು ಕಾರ್ಬ್ಯುರೇಟರ್, ಎಕ್ಸಾಸ್ಟ್ ಬಾಯಿ ಮುಚ್ಚಿ ಇಂಜಿನ್ನಿಗೆ ಸುಮಾರು 6 ಪಿಎಸ್‌ಐ ಗಾಳಿ ತುಂಬಿ, ಒತ್ತಡ ನಿಲ್ಲುತ್ತಾ ಅಂತ ನೋಡುತ್ತಾರೆ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆಯೇ ಜಾಗ ತೋರಿಸುತ್ತೆ.

ಮೆಕ್ಯಾನಿಕ್‌ಗೆ ಕೇಳಬೇಕಾದ್ದು

‘ಬೋರ್ ಹೋಗಿದೆ’ ಅಂದರೆ ಮೂರು ಪ್ರಶ್ನೆ ಕೇಳಿ. ಕಂಪ್ರೆಷನ್ ಎಷ್ಟು ಬಂತು? ಬ್ಲಾಕ್ ಈಗ ಎಷ್ಟನೇ ಓವರ್‌ಸೈಜ್‌ನಲ್ಲಿದೆ? ಸೀಲ್ ಟೆಸ್ಟ್ ಆಯ್ತಾ? ಓವರ್‌ಸೈಜ್ ಸಂಖ್ಯೆ ಸಾಮಾನ್ಯವಾಗಿ ಪಿಸ್ಟನ್ ತಲೆಯ ಮೇಲೇ ಇರುತ್ತೆ. ಸೀಲ್ ಸೋರುವಾಗಲೇ ಹೊಸ ಪಿಸ್ಟನ್ ಹಾಕಿಸಿದರೆ ಅದೂ ಸೀಜ್ ಆಗಬಹುದು, ಜೊತೆಗೆ ಬ್ಲಾಕಿನ ಇನ್ನೊಂದು ಅವಕಾಶವೂ ಹೋಗುತ್ತೆ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳಲ್ಲ. ಗೇಜ್ ತಂದು ನಿಮ್ಮೆದುರಿಗೇ ತೋರಿಸ್ತಾರೆ.