ನಿಮಗಿದು ಗೊತ್ತೆ? ಬೆಳಕು ಬಿದ್ದರೆ ರೋಗಾಣು ಕೊಲ್ಲುವ ಎಳೆ
ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನ ಮಹಡಿಗಳ ಮೇಲೆ ಒಣಗುವ ಬಟ್ಟೆಯನ್ನು ಬಿಸಿಲಿನ ನೇರಳಾತೀತ ಕಿರಣಗಳು ಒಂದಿಷ್ಟು ಶುದ್ಧಗೊಳಿಸುತ್ತವೆಯಾದರೂ, ಬೆಳಕನ್ನು ಹೀರಿ ತಾನೇ ರೋಗಾಣುಗಳನ್ನು ಕೊಲ್ಲುವ ಬಟ್ಟೆಯ ಬಗೆ ಬೇರೆ. ಕೂದಲಿಗಿಂತ ನೂರಾರು ಪಟ್ಟು ತೆಳುವಾದ ನ್ಯಾನೊ ಎಳೆಗಳಿಗೆ ದ್ಯುತಿಸಂವೇದಕವನ್ನು, ಅಂದರೆ ಬೆಳಕಿನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುವ ವಸ್ತುವನ್ನು, ಬೆಸೆದು ಬೆಳಕಿಗೆ ಒಡ್ಡಿದಾಗ ಹುಟ್ಟುವ ಉಗ್ರ ಆಮ್ಲಜನಕ ರೂಪಗಳು ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಗೆಡವುತ್ತವೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಕೂಡ ನೀಲಿ ಬೆಳಕಿನಲ್ಲಿ ಇದೇ ಕೆಲಸ ಮಾಡುತ್ತದೆ. 2018ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ವಿವರಿಸಿದ ಇಂಥ ಹಾಳೆಯು ಹಗಲಿನ ಶಕ್ತಿಯನ್ನು ಕೂಡಿಟ್ಟು ಕತ್ತಲಲ್ಲೂ ಕೆಲಸ ಮಾಡಿದ್ದು ನಿಜಕ್ಕೂ ದೊಡ್ಡ ಸಂಗತಿ. 2020ರಲ್ಲಿ ಬೆಂಗಳೂರಿನ ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರವು ರೂಪಿಸಿದ ಮುಖಗವಸು ಮಾತ್ರ ಬೆಳಕಿನ ಬದಲು ಪದರಗಳ ಘರ್ಷಣೆಯಿಂದ ಹುಟ್ಟುವ ಸ್ಥಿರವಿದ್ಯುತ್ತನ್ನು ನೆಚ್ಚಿಕೊಂಡಿತ್ತು.