ಹೆರಿಗೆ ಕೋಣೆ ಬರಿದಾದ ಮೇಲೆ

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳ್ಳಿಗಳಲ್ಲಿ ಗರ್ಭಿಣಿಗೆ ನೋವು ಕಾಣಿಸಿಕೊಂಡರೆ ಮನೆಯವರು ಇಂದು ಮೊದಲು ಕರೆಯುವುದು 108 ವಾಹನವನ್ನು. ಅದು ಆಕೆಯನ್ನು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಗೆ ಒಯ್ಯುತ್ತದೆ. ಜನನಿ ಸುರಕ್ಷಾ ಯೋಜನೆ ಬಂದುದು 2005ರಲ್ಲಿ. 108 ಸೇವೆ ನಮ್ಮ ರಾಜ್ಯದಲ್ಲಿ ಆರಂಭವಾದುದು 2008ರಲ್ಲಿ. 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಈ ಪ್ರಮಾಣ 97ಕ್ಕೆ ಏರಿತ್ತು. ಈ ಬದಲಾವಣೆಯನ್ನು ಹಳಿಯುವವರು ಯಾರೂ ಇರಲಾರರು. ಆದರೆ ಹೆರಿಗೆಯನ್ನೇ ನೆಚ್ಚಿ ಬೆಳೆದ ನಮ್ಮ ಧರ್ಮಭಗಿನಿಯರ ಸಣ್ಣ ಆಸ್ಪತ್ರೆಗಳು ಇನ್ನು ಮುಂದೆ ಏನು ಮಾಡಬೇಕು?

ಹೆರಿಗೆ ಕೋಣೆಯ ಆ ಹಕ್ಕು ಅವರಿಗೆ ಸುಲಭವಾಗಿ ದೊರೆತದ್ದಲ್ಲ. ಸನ್ಯಾಸಿನಿಯರು ಹೆರಿಗೆ ಮಾಡಿಸುವುದಕ್ಕೆ ಧರ್ಮಸಭೆಯ ನಿಯಮಗಳಲ್ಲಿ ಒಂದು ಕಾಲಕ್ಕೆ ಎಡೆಯಿರಲಿಲ್ಲ. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿಯವರು 1920ರಲ್ಲಿ ಗುಂಟೂರಿಗೆ ಬಂದು ಸನ್ಯಾಸಿನಿಯಾದಾಗ, ವೈದ್ಯವೃತ್ತಿಯನ್ನು ಮುಂದುವರಿಸಲು ಜಗದ್ಗುರುಗಳ ವಿಶೇಷ ಅನುಮತಿ ಬೇಕಾಯಿತು. 1936ರಲ್ಲಿ ರೋಮ್ ಆ ನಿರ್ಬಂಧವನ್ನು ಸಡಿಲಿಸಿತು. 1943ರಲ್ಲಿ ಗ್ಲೌರಿಯವರು ಸ್ಥಾಪಿಸಿದ ಸಂಘವೇ ಇಂದಿನ ಭಾರತೀಯ ಕಥೋಲಿಕ ಆರೋಗ್ಯ ಸಂಘ. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬುದು ಅವರ ಹಂಬಲವಾಗಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜು 1963ರಲ್ಲಿ ಆರಂಭವಾಗುವ ಹೊತ್ತಿಗೆ ಅವರು ಅದೇ ಊರಿನಲ್ಲಿ ತೀರಿಕೊಂಡು ಆರು ವರ್ಷಗಳಾಗಿದ್ದವು. ಸಂಘದ ಸದಸ್ಯ ಸಂಸ್ಥೆಗಳು ಇಂದು ಮೂರು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಹೆಚ್ಚಿನವು ಹಳ್ಳಿಗಾಡಿನ ಚಿಕ್ಕ ಔಷಧಾಲಯಗಳೇ.

ಇಂತಹ ಕಡೆಗಳಲ್ಲಿ ಹೆರಿಗೆ ಮತ್ತು ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳ ಆದಾಯದಿಂದಲೇ ಬಡವರ ಜ್ವರ ಕೆಮ್ಮುಗಳಿಗೆ ಔಷಧಿ ಒದಗುತ್ತಿತ್ತು. ಆ ಆದಾಯ ಕುಗ್ಗಿದರೂ ಖರ್ಚು ಕುಗ್ಗುವುದಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯ ಪ್ರಕಾರ ನೋಂದಣಿಯಾಗಬೇಕು, ಅರ್ಹ ಸಿಬ್ಬಂದಿ ಇರಬೇಕು. ಇವು ರೋಗಿಯ ಹಿತಕ್ಕಾಗಿಯೇ ಇರುವ ನಿಯಮಗಳು. ಆದರೆ ಇಪ್ಪತ್ತು ಹಾಸಿಗೆಯ ಆಸ್ಪತ್ರೆಗೆ ಅವುಗಳ ಭಾರ ದೊಡ್ಡದು. ಇತ್ತ ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. 2023ರಲ್ಲಿ ಮುದ್ದೇನಹಳ್ಳಿಯಲ್ಲಿ ಉಚಿತ ವೈದ್ಯಕೀಯ ಕಾಲೇಜೊಂದು ಉದ್ಘಾಟನೆಯಾಯಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಂತೂ ಎರಡು ಗಂಟೆಯ ದಾರಿ.

ಇಂತಹ ಸನ್ನಿವೇಶದಲ್ಲಿ ನಮಗೆ ಮೊದಲು ಹೊಳೆಯುವುದು ಇನ್ನೊಂದು ಮಹಡಿ ಕಟ್ಟಿಸುವ ವಿಚಾರ. ಜ್ಯೂಬಿಲಿ ವರ್ಷವಾದರೆ ಕೇಳುವುದೇ ಬೇಡ, ಅಮೃತಶಿಲೆಯ ಫಲಕ ಮೊದಲೇ ಸಿದ್ಧವಾಗಿರುತ್ತದೆ! ನಕ್ಷೆ ಬರೆಸುವ ಮುನ್ನ ಹೊರರೋಗಿಗಳ ದಾಖಲೆ ಪುಸ್ತಕವನ್ನು ತೆರೆದು ನೋಡಬೇಕು. ಕಳೆದ ಐದು ವರ್ಷಗಳಲ್ಲಿ ಬಂದವರು ಯಾರು, ಬಾರದೆ ಹೋದವರು ಯಾರು, ಅವರು ಎಲ್ಲಿಗೆ ಹೋದರು?

ಈ ಬಯಲುಸೀಮೆಯಲ್ಲಿ ಉತ್ತರ ಹುಡುಕುವುದು ಕಷ್ಟವಲ್ಲ. ಕೊಳವೆಬಾವಿಗಳು ಆಳಕ್ಕಿಳಿದಂತೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದವರು, ಮೂಳೆ ಬಿಗಿದವರು ಇದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ತಿಂಗಳು ತಿಂಗಳೂ ತಪ್ಪದೆ ಔಷಧಿ ಬೇಕಾದವರಿದ್ದಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಒಂಟಿಯಾಗಿ ಉಳಿದ ಮುದುಕರು, ಕ್ಯಾನ್ಸರ್ ಚಿಕಿತ್ಸೆ ಮುಗಿಯಿತೆಂದು ಮನೆಗೆ ಕಳುಹಿಸಲ್ಪಟ್ಟವರು ಇದ್ದಾರೆ. ಇವರಿಗೆ ಬೇಕಾದದ್ದು ಯಂತ್ರಗಳಿಗಿಂತ ಹೆಚ್ಚಾಗಿ, ಮನೆಗೆ ಬಂದು ಹುಣ್ಣು ತೊಳೆದು ನೋವಿನ ಔಷಧಿ ಕೊಡಬಲ್ಲ ದಾದಿ. ನಮ್ಮ ಭಗಿನಿಯರಿಗೆ ಚೆನ್ನಾಗಿ ಗೊತ್ತಿರುವ ಕೆಲಸವಿದು.

ಹೀಗೆ ದಾರಿ ಬದಲಿಸಿದ ಸಂಸ್ಥೆಯೊಂದು ನಮ್ಮ ಮಹಾಧರ್ಮಪ್ರಾಂತದಲ್ಲೇ ಇದೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ 1977ರಲ್ಲಿ ಕುಷ್ಠರೋಗಿಗಳ ಪುನರ್ವಸತಿಗಾಗಿ ಹುಟ್ಟಿತು. ಹೊಸ ಔಷಧಿಗಳಿಂದ ಆ ರೋಗ ಇಳಿಮುಖವಾದಾಗ ಅದು ಬಾಗಿಲು ಮುಚ್ಚಲಿಲ್ಲ. ಎಚ್‌ಐವಿ ಪೀಡಿತರನ್ನೂ ಅಂಗವಿಕಲರನ್ನೂ ಒಳಕ್ಕೆ ಕರೆದುಕೊಂಡಿತು.

ಕುಟುಂಬಗಳು ತಿಳಿದಿರಬೇಕಾದ ಸಂಗತಿಯೂ ಒಂದಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯುಂಟು. ಆದರೆ ತುರ್ತು ಸಂದರ್ಭಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಈ ಪತ್ರವಿಲ್ಲದೆ ನೇರವಾಗಿ ಬೆಂಗಳೂರಿಗೆ ಹೋದವರು ಬಿಲ್ಲು ಕಟ್ಟಲು ಹೊಲ ಅಡವಿಡಬೇಕಾಗಿ ಬರಬಹುದು. ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಒಂದು ಮೇಜು ಹಾಕಿ, ವಿಷಯ ತಿಳಿದ ಒಬ್ಬ ಭಗಿನಿಯೋ ಕಾಲೇಜು ಓದುವ ಯುವಕನೋ ಕುಳಿತು ಜನರ ಕಾರ್ಡು ಕಾಗದಗಳನ್ನು ಸರಿಪಡಿಸಿಕೊಟ್ಟರೆ ಸಾಕು. ಇದಕ್ಕೆ ಕಟ್ಟಡವೂ ಬೇಡ, ಪರವಾನಗಿಯೂ ಬೇಡ.