ಕಾಂಕ್ರೀಟ್ ಒಣಗುವುದಿಲ್ಲ

ಗೋದಾಮು, ಶೋರೂಂ, ಕಲ್ಯಾಣ ಮಂಟಪದ ಪಾರ್ಕಿಂಗ್, ಯಾವುದೇ ಇರಲಿ, ನೆಲಕ್ಕೆ ಕಾಂಕ್ರೀಟ್ ಬಿದ್ದ ಮರುದಿನ ಮಾಲೀಕರ ಮೊದಲ ಪ್ರಶ್ನೆ ಒಂದೇ: ‘ಒಣಗೋಕೆ ಎಷ್ಟು ದಿನ ಬೇಕು?’ ತಪ್ಪು ಶುರುವಾಗುವುದೇ ಅಲ್ಲಿ. ಹಪ್ಪಳ ಒಣಗುತ್ತದೆ, ಬಟ್ಟೆ ಒಣಗುತ್ತದೆ. ಕಾಂಕ್ರೀಟ್ ಒಣಗುವುದಿಲ್ಲ, ಬಲಿಯುತ್ತದೆ. ಸಿಮೆಂಟ್ ನೀರಿನೊಡನೆ ಸೇರಿ ಹೊಸದೊಂದು ಪದಾರ್ಥವಾಗಿ ಜಲ್ಲಿ, ಮರಳನ್ನು ಬಿಗಿದು ಹಿಡಿಯುವ ರಾಸಾಯನಿಕ ಕ್ರಿಯೆ ಅದು. ಹಾಗಾಗಿಯೇ ಸೇತುವೆಯ ಅಡಿಪಾಯಕ್ಕೆ ನದಿಯ ನೀರಿನೊಳಗೂ ಕಾಂಕ್ರೀಟ್ ಇಳಿಸಲು ಆಗುತ್ತದೆ. ಎರಡನೇ ದಿನವೇ ನೆಲ ಬೆಳ್ಳಗೆ ಒಣಗಿ ಕಂಡರೆ ಖುಷಿಪಡಬೇಡಿ. ಬಲಿಯಬೇಕಾದ್ದಕ್ಕೆ ನೀರು ಸಿಗುತ್ತಿಲ್ಲ ಎಂದೇ ಅದರ ಅರ್ಥ.

ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಾದರೆ ಕನಿಷ್ಠ 7 ದಿನ ಕ್ಯೂರಿಂಗ್, ಅಂದರೆ ಸದಾ ಒದ್ದೆ ಇಡುವುದು, ಬೇಕು. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ. ಬಿಸಿಲು, ಒಣಗಾಳಿ ಇರುವ ಕಡೆ ಯಾವ ಸಿಮೆಂಟಾದರೂ 10 ದಿನಕ್ಕೆ ಕಡಿಮೆಯಿಲ್ಲ; ಪಿಪಿಸಿಯಾದರೆ 14 ದಿನಕ್ಕೆ ಏರಿಸಿ ಎಂಬುದು ಶಿಫಾರಸು. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಹೆಚ್ಚಾಗಿ ಪಿಪಿಸಿಯೇ. ಅಂದಮೇಲೆ ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ‘ಮೂರು ದಿನ ನೀರು ಹೊಡೆದಿದ್ದೀವಿ, ಸಾಕು’ ಅನ್ನುವ ಮಾತಿಗೆ ಬೆಲೆಯಿಲ್ಲ. ಬೆಳಿಗ್ಗೆ, ಸಂಜೆ ಪೈಪ್ ಹಿಡಿಯುವುದೂ ಕ್ಯೂರಿಂಗ್ ಅಲ್ಲ, ನಡುವೆ ನೆಲ ಒಣಗಿರುತ್ತದೆ. ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು, ಇಲ್ಲವೇ ಗೋಣಿಚೀಲ ಹಾಸಿ ಸದಾ ಒದ್ದೆ ಇಡಬೇಕು.

ಹೊರಗಿನಿಂದ ಇಷ್ಟು ಧಾರಾಳವಾಗಿ ನೀರು ಕೊಡಬೇಕಾದ ಕಡೆ ನಾವು ಜಿಪುಣತನ ತೋರಿಸುತ್ತೇವೆ. ಜಿಪುಣತನ ತೋರಿಸಬೇಕಾದ ಕಡೆ, ಅಂದರೆ ಕಲಸುವಾಗ, ಧಾರಾಳಿಗಳಾಗುತ್ತೇವೆ.

ತುಮಕೂರು ರಸ್ತೆಯ ಪಕ್ಕದ ಒಂದು ಗೋದಾಮಿನಲ್ಲಿ ಒಂದು ರಾತ್ರಿ ನಿಂತಿದ್ದೆ. ರೆಡಿಮಿಕ್ಸ್ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ಬಂತು. ಮೇಸ್ತ್ರಿ ಮೊದಲ ಬಾಂಡ್ಲಿ ನೋಡಿದವನೇ, ‘ಗಟ್ಟಿ ಐತೆ ಸಾರ್, ಕೈಗೇ ಬರ್ತಿಲ್ಲ. ಸ್ವಲ್ಪ ನೀರ್ ಬಿಡಿಸಿ’ ಅಂದ. ನಾನು ಬಾಯಿ ತೆರೆಯುವ ಮೊದಲೇ ಡ್ರೈವರ್ ಲಾರಿಯ ಹಿಂದಿನ ಪೈಪ್ ಡ್ರಮ್ಮಿಗೆ ತಿರುಗಿಸಿದ್ದ. ಎರಡು ಸುತ್ತು ತಿರುಗಿದ ಮೇಲೆ ಕಾಂಕ್ರೀಟ್ ಪಾಯಸದ ಹಾಗೆ ಇಳಿಯಿತು. ಎಲ್ಲರಿಗೂ ಸಮಾಧಾನ.

‘ತೆಳುವಾದರೆ ಚೆನ್ನಾಗಿ ಕೂರುತ್ತೆ’ ಅನ್ನುವ ಈ ನಂಬಿಕೆಯಷ್ಟು ನೆಲಗಳನ್ನು ಕೆಡಿಸಿದ್ದು ಬೇರೆ ಇಲ್ಲ. ಲೆಕ್ಕ ಮಾಡಿ ನೋಡಿ. 1 ಘನ ಮೀಟರಿಗೆ 320 ಕೆ.ಜಿ. ಸಿಮೆಂಟ್, 154 ಲೀಟರ್ ನೀರು ಇದ್ದರೆ ನೀರು–ಸಿಮೆಂಟ್ ಅನುಪಾತ 0.48. 6 ಘನ ಮೀಟರಿನ ಲಾರಿಗೆ 100 ಲೀಟರ್ ಸುರಿದರೆ ಅದು 0.53 ದಾಟುತ್ತದೆ. ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಅಲ್ಲೇ ಹೋಯಿತು. ಕ್ರಿಯೆಗೆ ಬೇಡವಾದ ನೀರು ಆಮೇಲೆ ಆವಿಯಾಗಿ ಹೋಗುವಾಗ ಹಿಂದೆ ಬಿಡುವುದು ಸಣ್ಣ ಸಣ್ಣ ರಂಧ್ರಗಳನ್ನು, ಜೊತೆಗೆ ಕುಗ್ಗುವಿಕೆಯ ಬಿರುಕುಗಳನ್ನು. ಕೈಗೆ ಬರದಷ್ಟು ಗಟ್ಟಿಯಿದ್ದರೆ ಹಾಕಬೇಕಾದ್ದು ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲಗೊಳಿಸುವ ಪ್ಲಾಸ್ಟಿಸೈಜರ್, ಅದೂ ಪ್ಲಾಂಟಿನ ತಂತ್ರಜ್ಞರ ಅಳತೆಯಲ್ಲಿ. ಲಾರಿ ತುಂಬಿ ಎರಡು ಗಂಟೆ ಮೀರಿದ್ದರೆ ವಾಪಸ್ ಕಳಿಸುವುದೇ ಸರಿ. ಚಲನ್ ಮೇಲೆ ತುಂಬಿದ ಸಮಯ ಬರೆದಿರುತ್ತದೆ; ಓದುವವರು ಕಡಿಮೆ.

ಇನ್ನೊಂದು ಚಾಳಿ, ಮೇಲೆ ತೇಲಿದ ನೀರಿಗೆ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ನಯ ಮಾಡುವುದು. ಮನೆಯ ಜಗಲಿಗೆ ಅದು ನಡೆದೀತು. ಫೋರ್ಕ್‌ಲಿಫ್ಟ್ ಓಡಾಡುವ ಗೋದಾಮಿನಲ್ಲಿ ಆ ತೆಳು ಪದರ ಪುಡಿಯಾಗಿ, ಗುಡಿಸಿದಷ್ಟೂ ದೂಳು ಏಳುತ್ತದೆ. ತೇಲಿದ ನೀರು ಹಿಂಗುವ ತನಕ ಕಾದು, ಫ್ಲೋರ್ ಹಾರ್ಡನರ್ ಹರಡಿ, ಯಂತ್ರದಲ್ಲಿ ಉಜ್ಜಬೇಕು.

‘ಕಂಬಿ ಹಾಕಿದ್ದೇವೆ, ಬಿರುಕು ಬಿಡಲ್ಲ.’ ಬಿಡುತ್ತದೆ. ಕಾಂಕ್ರೀಟ್ ಕುಗ್ಗುವುದು ಅದರ ಗುಣ. ಕಂಬಿ ಮಾಡುವುದು ಬಿರುಕು ಬಾಯಿ ತೆರೆಯದಂತೆ ಹಿಡಿಯುವ ಕೆಲಸ. ನೆಲದ ಜಾಲರಿ ಮೇಲಿನ ಮೂರನೇ ಒಂದು ಭಾಗದಲ್ಲಿ ಇರಬೇಕು. ಆದರೆ ಕಾಂಕ್ರೀಟ್ ಸುರಿಯುವಾಗ ಹತ್ತು ಜನ ತುಳಿದು ಅದು ತಳಕ್ಕೆ ಕೂತಿರುತ್ತದೆ. ಕೆಳಗೆ ಕುರ್ಚಿ ಕಂಬಿ ಕೊಟ್ಟರೆ ಮಾತ್ರ ಅದು ಇದ್ದಲ್ಲೇ ಇರುತ್ತದೆ.

ಬಿರುಕು ಬರುವುದು ಖಚಿತ ಅಂದಮೇಲೆ ಎಲ್ಲಿ ಬರಬೇಕು ಎಂದು ನಾವೇ ಗೆರೆ ಹಾಕಿಕೊಡುವುದು ಜಾಣತನ. ಹೊಸ ನೆಲವನ್ನು ಕಟರ್‌ನಲ್ಲಿ ಕೊಯ್ಯುವುದನ್ನು ಕಂಡು ಮಾಲೀಕರು ಹೌಹಾರುತ್ತಾರೆ. 150 ಮಿ.ಮೀ. ದಪ್ಪದ ನೆಲಕ್ಕೆ ಸುಮಾರು 4.5 ಮೀಟರಿಗೊಂದರಂತೆ, ದಪ್ಪದ ಕಾಲು ಭಾಗ ಆಳಕ್ಕೆ, ಅಂಚು ಕಿತ್ತುಬರದಷ್ಟು ಗಟ್ಟಿಯಾದ ಕೂಡಲೇ ಕೊಯ್ಯಬೇಕು. ರಾತ್ರಿ ಹಾಕಿದ್ದಾದರೆ ಮರುದಿನ ಬೆಳಿಗ್ಗೆಯೇ. ‘ಭಾನುವಾರ ಕಳೀಲಿ’ ಎಂದು ಬಿಟ್ಟರೆ ನೆಲ ತಾನೇ ಕೊಯ್ದುಕೊಳ್ಳುತ್ತದೆ, ಅದೂ ಸೊಟ್ಟಪಟ್ಟ.

ದಪ್ಪ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಹುಬ್ಬಳ್ಳಿ, ಗದಗ, ವಿಜಯಪುರದ ಕಡೆ ಹೋಗಿ ಎರೆಭೂಮಿಯ ಮೇಲಿನ ಗೋದಾಮು ನೋಡಿಬರಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಆರಿಂಚಿನ ನೆಲವನ್ನೂ ಎತ್ತಿ ಬಿಸಾಡುವ ಶಕ್ತಿ ಅದಕ್ಕಿದೆ. ಅದನ್ನು ತೋಡಿ ತೆಗೆದು, ಗರಸು ತುಂಬಿ, ನೀರು ಹಾಕಿ, ಪದರ ಪದರವಾಗಿ ರೋಲರ್ ಹೊಡೆಯಬೇಕು. ಈ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಮೊದಲ ಕತ್ತರಿ ಬೀಳುವುದು ಇದರ ಹಣಕ್ಕೇ.

ಎಂ-ಸ್ಯಾಂಡ್ ಬಗ್ಗೆ ಒಂದು ಮಾತು. ಹೊಳೆಮರಳು ಇಲ್ಲದಿದ್ದರೆ ಕಟ್ಟಡ ನಿಲ್ಲದು ಎಂಬ ಭಯ ಬೇಡ. ಐಎಸ್ 383:2016 ಕಲ್ಲು ಪುಡಿಮಾಡಿ ತಯಾರಿಸಿದ ಮರಳನ್ನೂ ಒಪ್ಪಿದೆ. ಕ್ರಷರ್ ದೂಳನ್ನೇ ಎಂ-ಸ್ಯಾಂಡ್ ಎಂದು ಮಾರುವವರ ಬಗ್ಗೆ ಮಾತ್ರ ಎಚ್ಚರ ಬೇಕು.

ಕೊನೆಗೆ ‘28 ದಿನ’. ಅಂದು ಕಾಂಕ್ರೀಟ್ ಪೂರ್ತಿ ಬಲಿತು ನಿಲ್ಲುತ್ತದೆ ಎಂದಲ್ಲ. ಎಂ25 ಎಂದರೆ 150 ಮಿ.ಮೀ. ಕ್ಯೂಬ್ 28ನೇ ದಿನ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕು, ಅಷ್ಟೇ. ತೇವ ಸಿಕ್ಕರೆ ಬಲ ಆಮೇಲೂ ಏರುತ್ತದೆ. ಆ ಕ್ಯೂಬ್ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಿರಿ. ಕಂಟ್ರಾಕ್ಟರ್ ಜೊತೆಗಿನ ಕರಾರಿನಲ್ಲಿ ಕ್ಯೂರಿಂಗ್‌ಗೆ ಬೇರೆಯೇ ಒಂದು ಸಾಲು, ಬೇರೆಯೇ ಹಣ ಇಡಿ. ಉದ್ಘಾಟನೆಯ ಕಾರ್ಡ್ ಅಚ್ಚಿಗೆ ಕೊಡುವ ಮುಂಚೆ, ನೆಲ ಹಾಕುವ ದಿನದಿಂದ ಕ್ಯಾಲೆಂಡರಿನಲ್ಲಿ ಒಮ್ಮೆ ದಿನ ಎಣಿಸಿ ನೋಡಿ.